ಒಂದೇ ಒಂದು ಗೆರೆ

ಜುಲೈ ೬

ತಕ್ಕಡಿಗೆ,

ಹೀಗೆ ಕರೆದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ನಮ್ಮ ಮನೆಯಲ್ಲಿ ನಿನ್ನ ಹೆಸರು ಅದೇ. "ಅಮ್ಮಾ, ನನ್ನ ಲ್ಯಾಬ್ ಪಾರ್ಟ್ನರ್ ಒಂದು ಚಿಟಿಕೆ ಉಪ್ಪನ್ನ ಮೂರು ಮೂರು ಸಲ ತೂಗ್ತಾಳೆ, ಹುಡುಗಿ ಅಲ್ಲ ಅದು, ತಕ್ಕಡಿ" ಅಂತ ನನ್ನ ಮಗ ಮೊದಲನೇ ವಾರವೇ ಬಂದು ಹೇಳಿದ್ದ. ನಾನು ಅವನ ಅಮ್ಮ, ಲಾಂಡ್ರಿ ಅಂಗಡಿಯವಳು. ನೀನು ನನ್ನನ್ನು ನೋಡಿರುವುದು ಒಂದೇ ಸಲ, ಆಸ್ಪತ್ರೆಯ ಮೆಟ್ಟಿಲ ಮೇಲೆ. ಅವತ್ತು ಯಾರ ಮುಖವೂ ನನಗೆ ಕಾಣಿಸಲಿಲ್ಲ. ನಿನ್ನ ಬಿಳಿ ಕೋಟಿನ ಎಡತೋಳಿನ ಮೇಲಿದ್ದ ಕಲೆ ಮಾತ್ರ ನೆನಪಿದೆ. ಕಲೆ ನೋಡುವುದು ನನ್ನ ಕಸುಬು, ಏನು ಮಾಡಲಿ.

ನಿನ್ನ ವಿಳಾಸವನ್ನು ಕಾಲೇಜಿನ ಅಟೆಂಡರ್ ಕೊಟ್ಟರು. ಓದು ಬಿಟ್ಟು ಅಕ್ಕನ ಮನೆಗೆ ಹೋಗಿ, ಭಾವನ ಜೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದೀಯಂತೆ. ಚೆನ್ನಾಗಿದ್ದೀಯಾ ಅಂತ ಕೇಳುವುದು ವಾಡಿಕೆ, ಕೇಳಿದ್ದೇನೆ ಅಂದುಕೋ.

ಅವನು ಹೋಗಿ ಒಂಬತ್ತು ತಿಂಗಳಾಯಿತು. ಹೊಟ್ಟೆಯಲ್ಲಿ ಹೊತ್ತದ್ದೂ ಅಷ್ಟೇ ತಿಂಗಳು. ಕಾಲೇಜಿನವರು ವಿಚಾರಣೆ ಮಾಡಿ ಒಂದು ವರದಿ ಕೊಟ್ಟಿದ್ದಾರಲ್ಲ, ಅದರಲ್ಲಿ ಅವನ ಬಗ್ಗೆ ಇರುವುದು ಒಂದೇ ವಾಕ್ಯ: "ಬೆರೆಸಬಾರದ್ದನ್ನು ಬೆರೆಸಿ, ಬಾಟಲಿಯ ಮುಚ್ಚಳವನ್ನು ಬಿಗಿ ಮಾಡಿದ್ದರಿಂದ ಅವಘಡ ಸಂಭವಿಸಿದ್ದು, ಇದಕ್ಕೆ ವಿದ್ಯಾರ್ಥಿಯ ಅಜಾಗರೂಕತೆಯೇ ಕಾರಣ." ಈ ವಾಕ್ಯ ನನಗೆ ಬಾಯಿಪಾಠವಾಗಿದೆ. ಏನು ಬೆರೆಸಿದ ಅಂತ ಕೇಳಿದೆ. ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿಕೊಂಡು, "ಅದೆಲ್ಲ ಕೆಮಿಸ್ಟ್ರಿ, ನಿಮಗೆ ಅರ್ಥ ಆಗಲ್ಲಮ್ಮ" ಅಂದರು.

ಆರು ವರ್ಷದವನಿದ್ದಾಗಲೇ ಬಿಳಿ ಬಟ್ಟೆ ಒಂದು ಕಡೆ, ಬಣ್ಣದ್ದು ಒಂದು ಕಡೆ ಅಂತ ಹೇಳದೆಯೇ ವಿಂಗಡಿಸುತ್ತಿದ್ದ ಹುಡುಗ ಅವನು. ಅವನು ಬೆರೆಸಬಾರದ್ದನ್ನು ಬೆರೆಸಿದ ಅಂದರೆ ನಾನು ನಂಬುವುದಿಲ್ಲ. ನಂಬಲೇಬೇಕಾದರೆ ಅರ್ಥ ಮಾಡಿಕೊಂಡು ನಂಬುತ್ತೇನೆ. ಅದಕ್ಕೇ ಅದೇ ಕಾಲೇಜಿನಲ್ಲಿ ಯಾರು ಬೇಕಾದರೂ ಸೇರಬಹುದಾದ ಮಧ್ಯಾಹ್ನದ ಬ್ಯಾಚಿಗೆ ಹೆಸರು ಕೊಟ್ಟಿದ್ದೇನೆ. ಮೊದಲ ಹಂತದ ರಸಾಯನಶಾಸ್ತ್ರ, ವಾರಕ್ಕೊಂದು ಲ್ಯಾಬ್. ನನಗೆ ನಲವತ್ತೇಳು ವರ್ಷ. ಅರ್ಜಿ ತೆಗೆದುಕೊಂಡ ಗುಮಾಸ್ತ, "ಮಗಳಿಗಾ?" ಅಂತ ಕೇಳಿದ.

ನಿನ್ನನ್ನು ಕೇಳುವುದು ಎರಡೇ. ಅವನು ಏನು ಬೆರೆಸಿದ? ಅವನ ಲ್ಯಾಬ್ ಪುಸ್ತಕ ಸಿಗಲೇ ಇಲ್ಲ ಅನ್ನುತ್ತಾರೆ, ಅದು ಎಲ್ಲಿ ಹೋಯಿತು?

ಇಂತಿ,
ಅವನ ಅಮ್ಮ


ಜುಲೈ ೨೭

ತಕ್ಕಡಿಗೆ,

ನೀನು ಉತ್ತರ ಬರೆಯಲಿಲ್ಲ. ಇರಲಿ. ಬರೆಯದಿದ್ದರೆ ನಾನು ಸುಮ್ಮನಾಗುತ್ತೇನೆ ಅಂದುಕೊಂಡಿದ್ದರೆ ನಿನಗೆ ನನ್ನ ಮಗ ನನ್ನ ಬಗ್ಗೆ ಏನೂ ಹೇಳಿಲ್ಲ ಅಂತ ಅರ್ಥ.

ಮೂರು ಲ್ಯಾಬ್ ಆಯಿತು. ಕ್ಲಾಸಿನಲ್ಲಿ ಎಲ್ಲರೂ ನನ್ನನ್ನು ಆಂಟಿ ಅನ್ನುತ್ತಾರೆ, ಮೇಡಂ ಸಹ ಒಂದು ಸಲ ಬಾಯಿ ತಪ್ಪಿ ಆಂಟಿ ಅಂದು ನಾಲಿಗೆ ಕಚ್ಚಿಕೊಂಡರು. ನನ್ನ ಪಾರ್ಟ್ನರ್ ಉಗುರು ಕಚ್ಚುವ ಹುಡುಗಿ. ಆ್ಯಸಿಡ್ ಮುಟ್ಟಿದ ಕೈಯನ್ನು ಬಾಯಿಗೆ ಹಾಕಬೇಡವೇ ಅಂತ ಗದರಿಸಿ ಗದರಿಸಿ ಅರ್ಧ ಹೊತ್ತು ಹೋಗುತ್ತದೆ. ಬ್ಯೂರೆಟ್ ಅನ್ನುವ ಉದ್ದನೆಯ ಗಾಜಿನ ಕೊಳವೆಯಲ್ಲಿ ನೀರಿನ ಮಟ್ಟ ಓದಲು ಬಗ್ಗಿದರೆ ಸೊಂಟ ಹಿಡಿಯುತ್ತದೆ. ಆದರೆ ಇಪ್ಪತ್ತು ಬಿಳಿ ಕೋಟುಗಳಲ್ಲಿ ನನ್ನದಷ್ಟು ಬೆಳ್ಳಗಿರುವುದು ಇನ್ನೊಂದಿಲ್ಲ.

ಲ್ಯಾಬ್ ಪುಸ್ತಕದಲ್ಲಿ ಪೆನ್ಸಿಲ್ ಮುಟ್ಟುವ ಹಾಗಿಲ್ಲ, ಪೆನ್ನಿನಲ್ಲೇ ಬರೆಯಬೇಕು. ಮೊದಲನೇ ದಿನ ನಾನು ತಪ್ಪು ಬರೆದು ಅದು ಕಾಣದ ಹಾಗೆ ಗೀಚಿ ಗೀಚಿ ಕಪ್ಪು ಮಾಡಿದೆ. ಮೇಡಂ ಬಂದು, "ಹಾಗಲ್ಲಮ್ಮ, ತಪ್ಪಿನ ಮೇಲೆ ಒಂದೇ ಒಂದು ಗೆರೆ ಎಳೀರಿ, ಕೆಳಗಿರೋದು ಓದೋಕೆ ಬರಬೇಕು, ಪಕ್ಕದಲ್ಲಿ ತಾರೀಖು ಹಾಕಿ ಸಹಿ ಮಾಡಿ" ಅಂದರು. ಇಪ್ಪತ್ತಾರು ವರ್ಷದಿಂದ ಕಲೆ ಕಾಣದ ಹಾಗೆ ಮಾಡಿಯೇ ಬದುಕಿದವಳು ನಾನು. ತಪ್ಪನ್ನು ಕಾಣುವ ಹಾಗೆ ಇಡುವುದು ಕೈಗೆ ಹತ್ತಲು ಎರಡು ವಾರ ಬೇಕಾಯಿತು.

ಗೋಡೆಯ ಮೇಲೆ ಹೊಸ ಬೋರ್ಡು ಹಾಕಿದ್ದಾರೆ. "ವೇಸ್ಟ್ ಬಾಟಲಿಯ ಮುಚ್ಚಳ ಬಿಗಿ ಮಾಡಬಾರದು. ಮನೆಯಿಂದ ಬಾಟಲಿ ತರಬಾರದು." ಬಣ್ಣ ಇನ್ನೂ ಹೊಸದು. ಆ ಬೋರ್ಡು ನನ್ನ ಮಗ ಅಂತ ಅಲ್ಲಿ ಯಾರಿಗೂ ಗೊತ್ತಿಲ್ಲ, ಮೇಡಂ ಒಬ್ಬರನ್ನು ಬಿಟ್ಟು.

ಅವತ್ತಿನ ವಿಷಯ ಬರೆಯಲು ಆಗದಿದ್ದರೆ ಬಿಡು. ಮೋಲ್ ಅಂದರೆ ಏನು ಅಂತಾದರೂ ಬರೆ. ಮೇಡಂ ಮೂರು ಸಲ ಹೇಳಿದರು, ಮೂರು ಸಲವೂ ತಲೆ ಆಡಿಸಿ ಬಂದೆ.

ಇಂತಿ,
ಅವನ ಅಮ್ಮ


ಆಗಸ್ಟ್ ೯

ಆಂಟಿಯವರಿಗೆ,

ಮೋಲ್ ಅಂದರೆ ಎಣಿಕೆ ಅಷ್ಟೇ. ಕಣಗಳು ತುಂಬ ಸಣ್ಣವು, ಒಂದೊಂದಾಗಿ ಎಣಿಸಲು ಆಗುವುದಿಲ್ಲ. ಅದಕ್ಕೆ ಇಷ್ಟು ಕಣಕ್ಕೆ ಒಂದು ಗಂಟು ಅಂತ ಮೊದಲೇ ಗೊತ್ತು ಮಾಡಿ, ಗಂಟನ್ನು ತೂಗುತ್ತಾರೆ. ನಿಮ್ಮ ಅಂಗಡಿಯಲ್ಲಿ ಟವೆಲ್ಲಿನ ಗಂಟು ತೂಗಿದರೆ ಎಷ್ಟು ಟವೆಲ್ ಅಂತ ಗೊತ್ತಾಗುತ್ತದಲ್ಲ, ಹಾಗೆ. ಟವೆಲ್ಲಿನ ಗಂಟೂ ಕರವಸ್ತ್ರದ ಗಂಟೂ ಎಣಿಕೆಯಲ್ಲಿ ಒಂದೇ ಆದರೂ ತೂಕ ಬೇರೆ.

ಬ್ಯೂರೆಟ್ ಓದುವಾಗ ನೀವು ಬಗ್ಗಬೇಡಿ. ಸ್ಟ್ಯಾಂಡಿನ ಕೆಳಗೆ ಎರಡು ದಪ್ಪ ಪುಸ್ತಕ ಇಟ್ಟು ಅದನ್ನೇ ಎತ್ತರ ಮಾಡಿ.

ಬೇರೆ ಏನೂ ಕೇಳಬೇಡಿ. ದಯವಿಟ್ಟು.

ತಕ್ಕಡಿ


ಆಗಸ್ಟ್ ೨೦

ತಕ್ಕಡಿ ಮಗಳೇ,

ನಿನ್ನ ಕಾಗದ ಬಂದ ದಿನ ನಾನು ಅಂಗಡಿಯಲ್ಲಿ ಎಲ್ಲರಿಗೂ ಮೋಲ್ ಹೇಳಿಕೊಟ್ಟೆ. ಶರಟು ತೆಗೆದುಕೊಂಡು ಹೋಗಲು ಬಂದ ಬ್ಯಾಂಕಿನವರು, "ಇಸ್ತ್ರಿ ಆಗಿದ್ಯಾ, ಇಲ್ವಾ, ಅಷ್ಟು ಹೇಳಿ ಸಾಕು" ಅಂದರು. ಪರೀಕ್ಷೆಯಲ್ಲಿ ಇಪ್ಪತ್ತೈದಕ್ಕೆ ಹದಿನೆಂಟು ಬಂತು. ನಮ್ಮ ಯಜಮಾನರಿಗೆ ತೋರಿಸಿದೆ. ಅವರು ಇಸ್ತ್ರಿಪೆಟ್ಟಿಗೆ ಕೆಳಗಿಡದೆಯೇ ನೋಡಿ, "ಕಲಿತು ಏನ್ ಮಾಡ್ತೀಯ" ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಅವರು ಈಗ ಮಾತಾಡುವುದೇ ಕಡಿಮೆ. ಹೋದ ವರ್ಷ, ಅವನು ಹೋದ ತಿಂಗಳು, ಜನ್ಮದಲ್ಲಿ ಮೊದಲ ಸಲ ಒಂದು ಶರಟು ಸುಟ್ಟರು.

ನೀನು ಕೇಳಬೇಡ ಅಂದೆ, ಕೇಳುವುದಿಲ್ಲ. ನಾನೇ ಹೇಳುತ್ತೇನೆ, ನೀನು ಓದು ಸಾಕು. ಯಾರಿಗಾದರೂ ಹೇಳದಿದ್ದರೆ ಎದೆ ಒಡೆದುಹೋಗುತ್ತದೆ.

ಅವತ್ತು ಬೆಳಿಗ್ಗೆ ಆಸ್ಪತ್ರೆಯ ಹೊದಿಕೆಗಳ ದೊಡ್ಡ ಗಂಟು ಬಂದು ಬಿದ್ದಿತ್ತು. ನಾನು ಆ ಗಡಿಬಿಡಿಯಲ್ಲಿದ್ದೆ. ಅವನು ಬಂದು, "ಅಮ್ಮಾ, ಒಂದು ಗಟ್ಟಿ ಬಾಟ್ಲಿ ಬೇಕು, ಲ್ಯಾಬಲ್ಲಿ ವೇಸ್ಟ್ ಸುರಿಯೋಕೆ ಒಂದೊಂದು ಬೆಂಚಿನವರು ಒಂದೊಂದು ತರಬೇಕಂತೆ, ಕಾಲೇಜಿನದು ಇನ್ನೂ ಬಂದಿಲ್ಲ" ಅಂದ. ಕಪಾಟಿನಿಂದ ಒಂದು ಕಂದು ಬಾಟಲಿ ತೆಗೆದು ಕೊಟ್ಟೆ. "ತೊಳೆದಿದೆಯಾ?" ಅಂದ. "ನಿಮ್ಮಮ್ಮನಿಗೇ ಸ್ವಚ್ಛ ಹೇಳಿಕೊಡೋಕೆ ಬಂದ್ಯಾ, ತಗೊಂಡು ಹೋಗೋ, ತಲೆ ತಿನ್ನಬೇಡ" ಅಂತ ರೇಗಿದೆ. ನಕ್ಕುಕೊಂಡು ಹೋದ. ಅವನ ಜೊತೆ ನಾನು ಆಡಿದ ಕೊನೇ ಮಾತು ಅದು, ತಲೆ ತಿನ್ನಬೇಡ ಅನ್ನುವುದು. ಈಗ ನನ್ನ ತಲೆಯನ್ನು ತಿನ್ನುವವರೇ ಇಲ್ಲ.

ನೀನು ಊಟ ಸರಿಯಾಗಿ ಮಾಡುತ್ತೀಯೋ ಇಲ್ಲವೋ.

ಇಂತಿ,
ಆಂಟಿ ಅಂತ ನೀನು ಕರೆಯುವ
ಅವನ ಅಮ್ಮ


ಸೆಪ್ಟೆಂಬರ್ ೧೨

ಆಂಟಿಯವರಿಗೆ,

ನಿಮ್ಮ ಕಾಗದವನ್ನು ಅಂಗಡಿಯಲ್ಲಿ ಓದಲಾಗಲಿಲ್ಲ. ಮನೆಯ ಮಹಡಿಗೆ ಹೋಗಿ ಓದಿದೆ. ಅಕ್ಕ ಯಾರ ಕಾಗದ ಅಂತ ಕೇಳಿದಳು, ಕಾಲೇಜಿನದು ಅಂದೆ.

ಲ್ಯಾಬಿನಲ್ಲಿ ಅವನ ಹೆಸರು ಏನು ಗೊತ್ತಾ? ಇಸ್ತ್ರಿ. ಎಲ್ಲರ ಕೋಟೂ ಮುದ್ದೆಯಾಗಿರುತ್ತಿತ್ತು, ಅವನದು ಮಾತ್ರ ನಿನ್ನೆ ಕೊಂಡದ್ದರ ಹಾಗೆ. ನನಗೆ ತಕ್ಕಡಿ ಅಂತ ಹೆಸರಿಟ್ಟ ದಿನವೇ ನಾನು ಅವನಿಗೆ ಇಸ್ತ್ರಿ ಅಂತ ಇಟ್ಟೆ. ನನ್ನ ಕೋಟಿನ ಮೇಲೆ ಏನು ಚೆಲ್ಲಿದರೂ ಒಂದು ಸಲ ನೋಡಿ, "ಇದು ಹೋಗತ್ತೆ", "ಇದು ಹೋಗಲ್ಲ, ಅಮ್ಮನಿಗೆ ಕೊಡು" ಅನ್ನುತ್ತಿದ್ದ. ಅವನು ಹೇಳಿದ್ದು ಒಂದು ಸಲವೂ ತಪ್ಪಾಗಲಿಲ್ಲ.

ನೀವು ಕೊಟ್ಟ ಬಾಟಲಿಯನ್ನು ಅವನು ಬೆಂಚಿನ ಮೇಲೆ ಟಪ್ ಅಂತ ಇಟ್ಟು, "ನೋಡು, ಇಡೀ ಲ್ಯಾಬಲ್ಲೇ ಒಳ್ಳೇ ಬಾಟ್ಲಿ ನಮ್ಮದು, ನಮ್ಮಮ್ಮ ಕೊಟ್ಟಿದ್ದು" ಅಂದ. ಬೇರೆಯವರೆಲ್ಲ ತೆಳ್ಳನೆಯ ಶರಬತ್ತಿನ ಬಾಟಲಿ ತಂದಿದ್ದರು. ಅವನು ರೇಗಿಸಿಕೊಂಡು ಬಂದವನ ಹಾಗೆ ಇರಲೇ ಇಲ್ಲ ಆಂಟಿ. ಇದನ್ನು ನಿಮಗೆ ಹೇಳಬೇಕು ಅನ್ನಿಸಿತು.

ಅವತ್ತಿನದು ತಾಮ್ರದ ಪ್ರಯೋಗ. ನಿಮಗೂ ಅಕ್ಟೋಬರಿನಲ್ಲಿ ಬರುತ್ತದೆ. ತಾಮ್ರದ ತಂತಿಯನ್ನು ನೈಟ್ರಿಕ್ ಆ್ಯಸಿಡ್ಡಿನಲ್ಲಿ ಕರಗಿಸಬೇಕು. ಅದು ಹಸಿರಾಗಿ, ನೀಲಿಯಾಗಿ, ಆಮೇಲೆ ಕಪ್ಪಾಗಿ, ಮತ್ತೆ ನೀಲಿಯಾಗಿ, ಕೊನೆಗೆ ಹೊಳೆಯುವ ತಾಮ್ರವಾಗಿಯೇ ವಾಪಸ್ ಬರುತ್ತದೆ. ಎಷ್ಟು ಹಾಕಿದ್ದೆವೋ ಅಷ್ಟು ವಾಪಸ್ ಬಂತಾ ಅಂತ ತೂಗಿ ನೋಡಬೇಕು. ಅದಕ್ಕೇ ಆ ಪ್ರಯೋಗಕ್ಕಾಗಿ ನಾನು ತಿಂಗಳಿಂದ ಕಾದಿದ್ದೆ. ನಾವು ಮೊದಲನೇ ಹಂತ ಮಾತ್ರ ಮಾಡಿದೆವು. ಹಸಿರು ನೋಡಿದೆವು, ಅಷ್ಟೇ.

ಅವನು ಏನೂ ಬೆರೆಸಲಿಲ್ಲ ಆಂಟಿ. ತಂತಿಗೆ ಹಾಕಿ ಉಳಿದಿದ್ದ ಆ್ಯಸಿಡ್ಡನ್ನು ವೇಸ್ಟ್ ಬಾಟಲಿಗೆ ಸುರಿದ, ಬೇರೇನೂ ಇಲ್ಲ. ಇನ್ನು ಕೇಳಬೇಡಿ.

ತಕ್ಕಡಿ


ಅಕ್ಟೋಬರ್ ೪

ತಕ್ಕಡಿ ಮಗಳೇ,

"ಅವನು ಏನೂ ಬೆರೆಸಲಿಲ್ಲ." ಈ ಮೂರು ಪದಗಳನ್ನು ನಾನು ಎಷ್ಟು ಸಲ ಓದಿದೆನೋ. ಕಾಗದ ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡು ಮೂರು ವಾರ ಓಡಾಡಿದ್ದೇನೆ. ನನಗೆ ಗೊತ್ತಿತ್ತು. ಹೆತ್ತವಳಿಗೆ ಗೊತ್ತಿರುವುದಿಲ್ಲವೇ? ಇನ್ನು ಆ ಪ್ರಿನ್ಸಿಪಾಲರ ಕನ್ನಡಕ ಒರೆಸುವ ಕೆಲಸ ನನ್ನದು.

ಆದರೆ ನೀನು ವಿಚಾರಣೆಯಲ್ಲಿ ಇದನ್ನು ಯಾಕೆ ಹೇಳಲಿಲ್ಲ? ಕೇಳುವುದಿಲ್ಲ ಅಂದಿದ್ದೆ, ಕೇಳಿಬಿಟ್ಟೆ. ಅವರು ನಿನ್ನನ್ನು ಹೆದರಿಸಿದರಾ? ಹಾಗಿದ್ದರೆ ಹೇಳು, ನಾನು ಯಾರಿಗೂ ಹೆದರುವವಳಲ್ಲ.

ಬರುವ ಹದಿನೇಳಕ್ಕೆ ನಮಗೆ ತಾಮ್ರ. ಮೇಡಂ ನನ್ನನ್ನು ಪಕ್ಕಕ್ಕೆ ಕರೆದು, "ಆ ವಾರ ನೀವು ಬರದಿದ್ರೂ ನಡೆಯತ್ತೆ, ಹಾಜರಿ ನಾನು ನೋಡ್ಕೋತೀನಿ" ಅಂದರು. "ಇದಕ್ಕೋಸ್ಕರವೇ ಸೇರಿದ್ದು ಮೇಡಂ" ಅಂದೆ. ಅವರ ಕಣ್ಣು ತುಂಬಿತು. ನನ್ನದು ತುಂಬಲಿಲ್ಲ. ಅವನು ಕೆಲಸ ಬಿಟ್ಟುಹೋದ ಕಡೆಯಿಂದ ನಾನು ಮುಂದುವರಿಸುತ್ತೇನೆ, ಹಸಿರಿನಿಂದ. ನಿನಗೂ ಸೇರಿಸಿ ನೀಲಿ ನೋಡುತ್ತೇನೆ.

ಇಂತಿ,
ಅವನ ಅಮ್ಮ


ಅಕ್ಟೋಬರ್ ೧೯

ತಕ್ಕಡಿಗೆ,

ಪ್ರಯೋಗ ಆಯಿತು. ನೀಲಿ ಚೆನ್ನಾಗಿತ್ತು. ತಾಮ್ರ ವಾಪಸ್ ಬಂತು. ನೂರಕ್ಕೆ ನೂರನಾಲ್ಕು ಬಂತು. ಸರಿಯಾಗಿ ಒಣಗಿಸದೆ ನೀರನ್ನೂ ತೂಗಿದ್ದೀರಿ ಅಂತ ಮೇಡಂ ನಕ್ಕರು.

ಕೊನೆಯಲ್ಲಿ ಮೇಡಂ ಒಂದು ಮಾತು ಹೇಳಿದರು. ಅದನ್ನು ಈಗ ಬರೆಯಲಾರೆ.

ಅವನ ಅಮ್ಮ


ನವೆಂಬರ್ ೧೦

ಆಂಟಿಯವರಿಗೆ,

ಮೂರು ವಾರ ಆಯಿತು, ನಿಮ್ಮ ಕಾಗದ ಇಲ್ಲ. ಅಂಚೆಯವರು ಬಂದಾಗೆಲ್ಲ ಎದ್ದು ನಿಲ್ಲುತ್ತೇನೆ. ಮೇಡಂ ಏನು ಹೇಳಿದರು?

ನಿಮ್ಮ ಆರೋಗ್ಯ ಸರಿ ಇದೆಯಾ? ಅಷ್ಟಾದರೂ ಬರೆಯಿರಿ.

ತಕ್ಕಡಿ


ನವೆಂಬರ್ ೨೪

ಆಂಟಿಯವರಿಗೆ,

ನಿಮಗೆ ಗೊತ್ತಾಗಿದೆ ಅಂತ ನನಗೆ ಗೊತ್ತು. ಮುಚ್ಚಳದ ವಿಷಯ ತಾನೇ ಮೇಡಂ ಹೇಳಿದ್ದು?

ಇದರ ಜೊತೆ ಅವನ ಲ್ಯಾಬ್ ಪುಸ್ತಕ ಕಳಿಸುತ್ತಿದ್ದೇನೆ. ಒಂದು ವರ್ಷದಿಂದ ನನ್ನ ಹತ್ತಿರ ಇತ್ತು. ಅವತ್ತು ಗದ್ದಲದಲ್ಲಿ ಅದನ್ನು ಕೋಟಿನೊಳಗೆ ಇಟ್ಟುಕೊಂಡು ಬಂದೆ. ಅವನ ನೆನಪಿಗೆ ಅಂತ ಅಲ್ಲ. ಕೊನೆಯ ಪುಟ ಯಾರೂ ನೋಡಬಾರದು ಅಂತ. ನೀವೇ ಓದಿ, ಕೊನೆಯ ಸಾಲಿನಲ್ಲಿ "ಮುಚ್ಚಳ ಸಡಿಲ" ಅಂತ ಬರೆದಿದ್ದಾನೆ. ಅವನು ಸಡಿಲವಾಗಿಯೇ ಇಟ್ಟಿದ್ದ. ಬಿಗಿ ಮಾಡಿದ್ದು ನಾನು.

ಆ್ಯಸಿಡ್ ಸುರಿದ ಮೇಲೆ ಬಾಟಲಿಯಿಂದ ಏನೋ ವಾಸನೆ ಬರುತ್ತಿತ್ತು. ನನಗೆ ತಲೆ ಹಿಡಿದುಕೊಂಡಿತು. "ಇದೇನೋ ವಾಸನೆ" ಅಂದೆ. ಅವನು ಮೂಸಿ ನೋಡಿ, "ನನಗೇನೂ ಬರ್ತಿಲ್ಲ, ಮುಚ್ಚಳ ಹಾಗೇ ಇರ್ಲಿ, ಬಿಗಿ ಮಾಡಬಾರ್ದು ಅಂತ ಮೇಡಂ ಹೇಳಿದ್ದಾರೆ" ಅಂತ ಆ ಕಡೆ ತಿರುಗಿ ಬರೆಯಲು ಕೂತ. ಅವನು ನೋಡದಿದ್ದಾಗ ನಾನು ಮುಚ್ಚಳವನ್ನು ತಿರುಗಿಸಿ ಗಟ್ಟಿ ಮಾಡಿದೆ. ಎರಡು ಸುತ್ತು. ಆಮೇಲೆ ಸತುವಿನ ಪುಡಿ ತೂಗಲು ತಕ್ಕಡಿಯ ಕೋಣೆಗೆ ಹೋದೆ. ಒಂದು ಸಲ ತೂಗಿದೆ, ಎರಡು ಸಲ ತೂಗಿದೆ. ಮೂರನೇ ಸಲ ತೂಗುವಾಗ ಸದ್ದು ಕೇಳಿತು. ನಾನು ಎರಡೇ ಸಲ ತೂಗುವ ಹುಡುಗಿ ಆಗಿದ್ದರೆ ಅವನ ಪಕ್ಕದಲ್ಲೇ ಇರುತ್ತಿದ್ದೆ.

ವಿಚಾರಣೆಯಲ್ಲಿ ಮುಚ್ಚಳ ಯಾರು ಹಾಕಿದ್ದು ಅಂತ ಕೇಳಿದರು. "ನಾನು ಅಲ್ಲಿರಲಿಲ್ಲ" ಅಂದೆ. ಅದು ಸುಳ್ಳಲ್ಲ, ಆದರೆ ನಿಜವೂ ಅಲ್ಲ. ಅವರು ಅವನ ಹೆಸರು ಬರೆದುಕೊಂಡರು. ನನ್ನನ್ನು ಯಾರೂ ಹೆದರಿಸಲಿಲ್ಲ ಆಂಟಿ. ನಾನೇ ಹೆದರಿದೆ.

ನೀವು ನನಗೆ ಮಗಳೇ ಅಂತ ಬರೆದಿರಿ. ಊಟ ಮಾಡುತ್ತೀಯಾ ಅಂತ ಕೇಳಿದಿರಿ. ಪ್ರತಿ ಸಲವೂ ಆ ಕಾಗದವನ್ನು ನಾನು ಕದ್ದು ಓದುತ್ತಿದ್ದೇನೆ ಅನ್ನಿಸುತ್ತಿತ್ತು. ಇನ್ನು ಬರೆಯದಿದ್ದರೂ ನಾನು ಏನೂ ಅಂದುಕೊಳ್ಳುವುದಿಲ್ಲ. ಪೊಲೀಸರಿಗೆ ಕೊಡುವುದಾದರೆ ಈ ಕಾಗದವನ್ನೇ ಕೊಡಿ, ಸಹಿ ಮಾಡಿದ್ದೇನೆ.

ಅವನ ತಕ್ಕಡಿ


ಡಿಸೆಂಬರ್ ೧೫

ತಕ್ಕಡಿ ಮಗಳೇ,

ನಿನ್ನ ಕಾಗದ, ಅವನ ಪುಸ್ತಕ ಎರಡೂ ಬಂದು ಹದಿನೈದು ದಿನದ ಮೇಲಾಯಿತು. ಸಿಟ್ಟು ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಒಂದಿಡೀ ದಿನ ನಿನ್ನನ್ನು ಬಾಯಿಗೆ ಬಂದ ಹಾಗೆ ಬೈದೆ. ಬೈಯುತ್ತಾ ಬೈಯುತ್ತಾ ನನಗೆ ಹಗುರವಾಗುತ್ತಿತ್ತು. ಅದನ್ನೂ ಹೇಳಿಬಿಡುತ್ತೇನೆ, ನಾಚಿಕೆ ಬಿಟ್ಟು ಹೇಳುತ್ತೇನೆ. ನೀನು ಬರೆದದ್ದನ್ನು ಓದಿ ನನಗೆ ಸಂತೋಷವಾಯಿತು. ಅಬ್ಬಾ, ಇವಳಂತೆ, ನಾನಲ್ಲ ಅಂತ. ಎರಡು ವಾರ ನಿನ್ನ ಕಾಗದವನ್ನು ಹಿಡಿದುಕೊಂಡು ಸುಮ್ಮನೆ ಇದ್ದೆ. ಇದನ್ನು ಪ್ರಿನ್ಸಿಪಾಲರ ಮೇಜಿನ ಮೇಲೆ ಇಟ್ಟರೆ ಮುಗಿಯಿತು, ನನ್ನ ವಿಷಯ ಯಾರಿಗೂ ಗೊತ್ತಾಗುವುದಿಲ್ಲ.

ಮೇಡಂ ಹೇಳಿದ್ದು ಮುಚ್ಚಳದ ಮಾತಲ್ಲ ಮಗಳೇ.

ತಾಮ್ರ ವಾಪಸ್ ಬಂದ ಮೇಲೆ ಅದನ್ನು ನೀರಿನಲ್ಲಿ ತೊಳೆದು, ಬೇಗ ಒಣಗಲಿ ಅಂತ ಸ್ಪಿರಿಟ್ಟಿನಲ್ಲಿ ಇನ್ನೊಂದು ಸಲ ತೊಳೆಯಬೇಕು. ನೀವು ಆ ಹಂತಕ್ಕೆ ಬರಲಿಲ್ಲ. ಸ್ಪಿರಿಟ್ ಬಾಟಲಿ ತೆಗೆದ ಕೂಡಲೇ ನನಗೆ ನಮ್ಮ ಅಂಗಡಿಯಲ್ಲಿ ನಿಂತ ಹಾಗಾಯಿತು. ಅದೇ ವಾಸನೆ. ತೊಳೆದ ಸ್ಪಿರಿಟ್ಟನ್ನು ಪಕ್ಕದಲ್ಲಿದ್ದ ವೇಸ್ಟ್ ಬಾಟಲಿಗೆ ಸುರಿಯಲು ಹೋದೆ. ಮೇಡಂ ಓಡಿ ಬಂದು ಕೈ ಹಿಡಿದರು. "ಅಯ್ಯೋ, ಅದರಲ್ಲಿ ನೈಟ್ರಿಕ್ ಆ್ಯಸಿಡ್ ಇದೆ. ಅದಕ್ಕೆ ಸ್ಪಿರಿಟ್ ಬಿದ್ರೆ ಮೊದಲು ಏನೂ ಆಗದ ಹಾಗೆ ಇರತ್ತೆ, ಸ್ವಲ್ಪ ಹೊತ್ತಾದ ಮೇಲೆ ಕಾದು, ಗ್ಯಾಸ್ ತುಂಬಿ, ಬಾಟ್ಲಿ ಸಿಡಿಯತ್ತೆ. ಇಷ್ಟೇ ಇಷ್ಟು ಬಿದ್ರೂ ಸಾಕು" ಅಂದರು. ಆಮೇಲೆ ಯಾರ ಜೊತೆ ಮಾತಾಡುತ್ತಿದ್ದೇನೆ ಅನ್ನುವುದು ನೆನಪಾಗಿ ಅವರ ಮುಖ ಬಿಳಿಚಿಕೊಂಡಿತು. ನನ್ನ ಮುಖ ಹೇಗಿತ್ತೋ ಗೊತ್ತಿಲ್ಲ.

ನಾನು ಅವನಿಗೆ ಕೊಟ್ಟದ್ದು ಸ್ಪಿರಿಟ್ ಬಾಟಲಿ.

ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿ ಇದೆ. ಕಲೆ ತೆಗೆಯುವ ಸ್ಪಿರಿಟ್ಟಿನ ಬಾಟಲಿಯನ್ನು ಯಾವತ್ತೂ ನೀರಿನಲ್ಲಿ ತೊಳೆಯುವುದಿಲ್ಲ. ಒಂದು ಹನಿ ನೀರು ಉಳಿದರೂ ಮುಂದಿನ ಸಲ ರೇಷ್ಮೆಯ ಮೇಲೆ ಉಂಗುರದ ಹಾಗೆ ಗುರುತು ಬೀಳುತ್ತದೆ. ಖಾಲಿಯಾದರೂ ತಳದಲ್ಲಿ ಒಂದು ಬೆರಳಿನಷ್ಟು ಬಿಟ್ಟು ಮುಚ್ಚಿಡಬೇಕು. ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮ ಯಜಮಾನರು ನನಗೆ ಕಲಿಸಿದ ಮೊದಲನೇ ಪಾಠ ಅದು. ನಮಗೆ ಸ್ಪಿರಿಟ್ ಕೊಳೆಯಲ್ಲ. ನಮಗೆ ಅದಕ್ಕಿಂತ ಸ್ವಚ್ಛವಾದದ್ದು ಇನ್ನೊಂದಿಲ್ಲ. ಅದಕ್ಕೇ ಅವನು ತೊಳೆದಿದೆಯಾ ಅಂತ ಕೇಳಿದಾಗ ನನಗೆ ರೇಗಿದ್ದು. ತಳದಲ್ಲಿ ಅಲ್ಲಾಡುತ್ತಿದ್ದದ್ದು ಅವನಿಗೂ ಗೊತ್ತಾಗಿರಬೇಕು. ನೀರು ಅಂದುಕೊಂಡಿರಬೇಕು, ಅಮ್ಮ ತೊಳೆದ ನೀರು ಅಂತ. ಮೂಸಿದರೂ ವಾಸನೆ ಬರಲಿಲ್ಲ ಅಂದನಲ್ಲ, ಎಲ್ಲಿಂದ ಬರಬೇಕು? ತೊಟ್ಟಿಲಲ್ಲಿದ್ದಾಗಿನಿಂದ ಅವನು ಉಸಿರಾಡಿದ್ದೇ ಅದನ್ನು. ಅವನಿಗೆ ಅದು ಮನೆಯ ಗಾಳಿ. ನೀನು ಹೊರಗಿನವಳು, ನಿನ್ನ ಮೂಗಿಗೆ ಬಂತು. ನೀನು ಮುಚ್ಚಳ ಬಿಗಿ ಮಾಡಿದ್ದು ನನ್ನ ಸ್ಪಿರಿಟ್ ತಡೆಯಲಾರದೆ.

ನೀನು ಮುಚ್ಚದಿದ್ದರೆ ಬರೀ ಹೊಗೆ ಬಂದು ಹೋಗುತ್ತಿತ್ತೇನೋ. ಅಥವಾ ಹಾಗಿದ್ದೂ ಏನಾದರೂ ಆಗುತ್ತಿತ್ತೇನೋ. ಮೇಡಂ ಅವರನ್ನು ಕೇಳಿದೆ, ಹೇಳುವುದು ಕಷ್ಟ ಅಂದರು. ಆದರೆ ನಾನು ಬಾಟಲಿಯನ್ನು ನೀರಿನಲ್ಲಿ ತೊಳೆದು ಕೊಟ್ಟಿದ್ದರೆ, ನೀನು ಮುಚ್ಚಳವನ್ನು ಹತ್ತು ಸುತ್ತು ತಿರುಗಿಸಿದ್ದರೂ ಅವನು ಸಂಜೆ ಮನೆಗೆ ಬರುತ್ತಿದ್ದ. ಇದನ್ನು ನಿನ್ನನ್ನು ಸಮಾಧಾನ ಮಾಡಲು ಬರೆಯುತ್ತಿಲ್ಲ. ನನ್ನ ಮಗ ಸತ್ತದ್ದರಲ್ಲಿ ನಿನ್ನ ಪಾಲು ಇದೆ, ನನ್ನ ಪಾಲೂ ಇದೆ. ಅವನ ಪಾಲು ಮಾತ್ರ ಇಲ್ಲ. ಬೆರೆಸಿದವಳು ನಾನು, ಬಿಗಿ ಮಾಡಿದವಳು ನೀನು. ವರದಿಯಲ್ಲಿರುವ ಆ ಒಂದು ವಾಕ್ಯದಲ್ಲಿ ಅವನು ಎಲ್ಲೂ ಇಲ್ಲ.

ಮೊನ್ನೆ ನಮ್ಮ ಯಜಮಾನರನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಅವರು ಎದ್ದು ಹೋಗಿ ಕಪಾಟಿನಲ್ಲಿದ್ದ ಹನ್ನೊಂದು ಬಾಟಲಿಗಳನ್ನೂ ತೆಗೆದು, ಸ್ಪಿರಿಟ್ಟನ್ನೆಲ್ಲ ಚೆಲ್ಲಿ, ನಲ್ಲಿಯ ಕೆಳಗೆ ಒಂದೊಂದಾಗಿ ನೀರಿನಲ್ಲಿ ತೊಳೆದರು. ತೊಳೆದದ್ದನ್ನೇ ಮತ್ತೆ ಮತ್ತೆ ತೊಳೆದರು. ಸಾಕು ಬನ್ನಿ ಅಂತ ನಾನು ಕರೆಯಲಿಲ್ಲ, ಹೋಗಿ ಪಕ್ಕದಲ್ಲಿ ನಿಂತು ಒರೆಸಿ ಒರೆಸಿ ಇಟ್ಟೆ.

ಪ್ರಿನ್ಸಿಪಾಲರಿಗೆ ಒಂದು ಅರ್ಜಿ ಬರೆದಿದ್ದೇನೆ. ಬಾಟಲಿಯಲ್ಲಿ ಸ್ಪಿರಿಟ್ ಇತ್ತು, ಕೊಟ್ಟವಳು ನಾನು, ವಿದ್ಯಾರ್ಥಿಗೆ ಅದು ಗೊತ್ತಿರಲಿಲ್ಲ ಅಂತ. ಮನೆಯಿಂದ ಬಾಟಲಿ ತನ್ನಿ ಅಂತ ಮಕ್ಕಳಿಗೆ ಹೇಳಿದವರು ಯಾರು ಅನ್ನುವುದನ್ನೂ ವರದಿಯಲ್ಲಿ ಸೇರಿಸಿ ಅಂತ. ಕೆಳಗೆ ಸಹಿ ಮಾಡಿದ್ದೇನೆ. ನನ್ನ ಸಹಿಯ ಕೆಳಗೆ ಅರ್ಧ ಪುಟ ಖಾಲಿ ಬಿಟ್ಟಿದ್ದೇನೆ. ಅದು ನಿನ್ನ ಜಾಗ. ತುಂಬು ಅಂತ ನಾನು ಹೇಳುವುದಿಲ್ಲ. ನಿನ್ನ ಕಾಗದವನ್ನು ಯಾರಿಗೂ ತೋರಿಸುವುದೂ ಇಲ್ಲ. ಅರ್ಜಿ ಇದರ ಜೊತೆ ಇದೆ. ಏನೂ ಬರೆಯದೆ ಹಾಗೇ ವಾಪಸ್ ಕಳಿಸಿದರೂ ನಾನು ಅದನ್ನು ಕೊಡುತ್ತೇನೆ, ನೀನು ಆಗಲೂ ನನಗೆ ಮಗಳೇ. ಜೂನ್‌ನಲ್ಲಿ ಹೊಸ ಬ್ಯಾಚ್ ಶುರುವಾಗುತ್ತದೆ. ನಿನಗೆ ನೀಲಿ ನೋಡುವುದು ಬಾಕಿ ಇದೆ.

ಅವನ ಪುಸ್ತಕದ ಕೊನೆಯ ಪುಟ ಓದಿದೆ. ನಾಲ್ಕು ಸಾಲು. "ತಾಮ್ರದ ತಂತಿ ೦.೫೨ ಗ್ರಾಂ. ತಕ್ಕಡಿ ಮೂರು ಸಲ ತೂಗಿದ್ದು. ವೇಸ್ಟ್ ಬಾಟಲಿ ಅಮ್ಮ ಕೊಟ್ಟದ್ದು, ಸ್ವಚ್ಛ. ಉಳಿದ ಆ್ಯಸಿಡ್ ಹಾಕಿದೆ, ಮುಚ್ಚಳ ಸಡಿಲ." ನೀನು ಕೊನೆಯ ಸಾಲಿಗೆ ಹೆದರಿ ಈ ಪುಟವನ್ನು ಬಚ್ಚಿಟ್ಟೆ. ನನ್ನ ಸಾಲು ಅದರ ಮೇಲಿನದು. ನನ್ನ ಬಗ್ಗೆ ಅವನು ಬರೆದಿಟ್ಟು ಹೋಗಿರುವುದು ಅಷ್ಟೇ. ತೊಳೆದಿದೆಯಾ ಅಂತ ಕೇಳಿದ, ನಾನು ರೇಗಿದೆ, ನಂಬಿದ, ಬರೆದ.

ಇವತ್ತು ಬೆಳಿಗ್ಗೆ ಆ ಪುಟ ಬಿಚ್ಚಿಕೊಂಡು ಕೂತವಳು ಮಧ್ಯಾಹ್ನದವರೆಗೂ ಪೆನ್ನು ಹಿಡಿದುಕೊಂಡೇ ಇದ್ದೆ. ಆಮೇಲೆ ಸ್ವಚ್ಛ ಅನ್ನುವ ಪದದ ಮೇಲೆ, ಮೇಡಂ ಕಲಿಸಿದ ಹಾಗೆ, ಒಂದೇ ಒಂದು ಗೆರೆ ಎಳೆದೆ. ಕೆಳಗಿರುವುದು ಈಗಲೂ ಓದಲು ಬರುತ್ತದೆ. ಪಕ್ಕದಲ್ಲಿ ತಾರೀಖು ಹಾಕಿ ಸಹಿ ಮಾಡಿದೆ.

ಇಂತಿ,
ಅಮ್ಮ